ಓದುಗರ ಪ್ರಶ್ನೆ: ಆಲ್ಕೋಹಾಲ್ ಸೆನ್ಸರ್ ಎರಡೇ ದಿನಕ್ಕೆ ಸೊರಗುವುದೇಕೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಪ್ರಷ್ಯನ್ ಬ್ಲೂ ಎಂಬ ನೀಲಿ ವರ್ಣದ್ರವ್ಯ ಕೂರಿಸಿ, ಅದರ ಮೇಲೆ ಕೈಟೋಸಾನ್ (ಎಂಜೈಮನ್ನು ಹಿಡಿದಿಡುವ ಪಾಲಿಮರ್), ಕಾರ್ಬನ್ ನ್ಯಾನೊಟ್ಯೂಬ್, ಆಲ್ಕೋಹಾಲ್ ಆಕ್ಸಿಡೇಸ್ ಎಂಜೈಮ್ ಬೆರೆಸಿ ಹಚ್ಚಿದೆ. ಮೇಲೆ ನಾಫಿಯಾನ್ ಎಂಬ ಪಾಲಿಮರ್‌ನ ಲೇಪ. ಎರಡನೇ ದಿನಕ್ಕೆ ಸಿಗ್ನಲ್ ಅರ್ಧಕ್ಕಿಳಿಯಿತು. ಆಲ್ಕೋಹಾಲ್ ಹಾಕದ ಬರೀ ಬಫರ್‌ನಲ್ಲೂ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಕರೆಂಟ್ ಕಾಣುತ್ತಿದೆ. ಎಂಜೈಮ್ ಕಳಪೆಯೇ?
– ಓದುಗರು, ಜಯನಗರ

ಉತ್ತರ: ಎಂಜೈಮನ್ನು ದೂರುವ ಮೊದಲು ನಾಫಿಯಾನ್ ಬಾಟಲಿಯ ಲೇಬಲ್ ನೋಡಿ. ಸಾಮಾನ್ಯವಾಗಿ ಸಿಗುವ 5% ದ್ರಾವಣ ಇರುವುದೇ ಆಲ್ಕೋಹಾಲ್ ಮತ್ತು ನೀರಿನ ಮಿಶ್ರಣದಲ್ಲಿ. ಜೊತೆಗೆ ಕಟು ಆಮ್ಲೀಯ. ಎಂಜೈಮಿಗೆ ಎರಡು ಕಡೆಯಿಂದ ಏಟು. ಅದನ್ನು ಬಿಟ್ಟು, ಸೆಲ್ಯುಲೋಸ್ ಡಯಾಲಿಸಿಸ್ ಪೊರೆಯನ್ನು ಓ-ರಿಂಗ್‌ನಿಂದ ಬಿಗಿದರೆ ಸಾಕು.

ಬಫರ್‌ನಲ್ಲಿನ ಕರೆಂಟ್ ನಿಧಾನವಾಗಿ ಇಳಿಯುತ್ತಿದ್ದರೆ ಆಲ್ಕೋಹಾಲ್ ಪದರದೊಳಗೇ ಉಳಿದಿದೆ. ಏರುತ್ತಿದ್ದರೆ ಹೊರಗಿನಿಂದ ಬರುತ್ತಿದೆ: ಬೆಂಚ್ ಒರೆಸಿದ ಸ್ಪಿರಿಟ್, ಕೈಗೆ ಹಚ್ಚಿದ ಸ್ಯಾನಿಟೈಸರ್.

ಎಂಜೈಮ್ ಆಲ್ಕೋಹಾಲನ್ನು ಉತ್ಕರ್ಷಿಸಿದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ, ಅದನ್ನು ಓದುವುದು ಪ್ರಷ್ಯನ್ ಬ್ಲೂ. ಸೊರಗಿದ್ದು ಯಾವ ಪದರ ಎಂದು ತಿಳಿಯಲು 0.1 ಮಿಲಿಮೋಲಾರ್ ಪೆರಾಕ್ಸೈಡ್ ನೇರವಾಗಿ ಹಾಕಿ. ಅದರ ಸಿಗ್ನಲ್ಲೂ ಅರ್ಧವಾಗಿದ್ದರೆ ಹೋಗಿರುವುದು ಪ್ರಷ್ಯನ್ ಬ್ಲೂ. ಎಂಜೈಮಿಗೆ ಪಿಎಚ್ 7.5 ಹಿತ, ಆದರೆ ಕ್ಷಾರದ ಕಡೆ ವಾಲಿದಷ್ಟೂ ಪ್ರಷ್ಯನ್ ಬ್ಲೂ ಕರಗುತ್ತದೆ. ಪಿಎಚ್ 7ರ ಫಾಸ್ಫೇಟ್ ಬಫರ್‌ಗೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿದರೆ ಇಬ್ಬರಿಗೂ ಒಗ್ಗುತ್ತದೆ. ಪೆರಾಕ್ಸೈಡ್ ಸಿಗ್ನಲ್ ಮೊದಲಿನಂತೆಯೇ ಇದ್ದರೆ ಮಾತ್ರ ಎಂಜೈಮ್ ಪದರವನ್ನು ಶಂಕಿಸಿ.

ಆ ಪದರಕ್ಕೆ: 50 ಮಿಲಿಗ್ರಾಂ ಕೈಟೋಸಾನನ್ನು 10 ಮಿ.ಲೀ. 1% ಅಸಿಟಿಕ್ ಆಮ್ಲದಲ್ಲಿ ರಾತ್ರಿಯಿಡೀ ಕಲಕಿ, ಸೋಸಿ, ದುರ್ಬಲ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತಾ ಪಿಎಚ್ 5.5ರಿಂದ 6ಕ್ಕೆ ತನ್ನಿ. 6.5 ದಾಟಿದರೆ ಒಡೆದ ಹಾಲಿನಂತೆ ಗರಣೆಗಟ್ಟುತ್ತದೆ. ಮಿ.ಲೀ.ಗೆ 1 ಮಿಲಿಗ್ರಾಂ ನ್ಯಾನೊಟ್ಯೂಬ್ ಹಾಕಿ, ಮಂಜುಗಡ್ಡೆಯಲ್ಲಿಟ್ಟು ಅರ್ಧ ಗಂಟೆ ಸಾನಿಕೇಟ್ ಮಾಡಿ (ಶ್ರವಣಾತೀತ ಅಲೆಗಳಿಂದ ಕದಡಿ). ಎಂಜೈಮ್ ಅದಾದ ಮೇಲೆಯೇ. ಎಂಜೈಮ್ ಬಿದ್ದ ಮೇಲೆ ಸಾನಿಕೇಟರ್ ಮುಟ್ಟಲೇಬೇಡಿ. 3 ಮಿ.ಮೀ. ಎಲೆಕ್ಟ್ರೋಡಿಗೆ 5 ಮೈಕ್ರೋಲೀಟರ್ ಬಿಟ್ಟು, ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಆರಿಸಿ. ಫ್ಯಾನ್ ಗಾಳಿಗೆ ಒಣಗಿಸಿದರೆ ಅಂಚಿನಲ್ಲಿ ಉಂಗುರದಂತೆ ಕಪ್ಪು ಕಟ್ಟಿ, ನಡುವೆ ಬರಿದಾಗುತ್ತದೆ. ಎಂಜೈಮನ್ನು ಪದರಕ್ಕೆ ಬಂಧಿಸುವ ಗ್ಲುಟರಾಲ್ಡಿಹೈಡನ್ನು ಬೆರೆಸುವ ಬದಲು ಮುಚ್ಚಿದ ಡಬ್ಬಿಯಲ್ಲಿ ಅದರ ಆವಿ ಮಾತ್ರ ತಾಗಿಸಿ. ಹೆಚ್ಚಾದರೆ ಎಂಜೈಮ್ ಬಂಧಿಯಾಗುವುದಷ್ಟೇ ಅಲ್ಲ, ಕೆಲಸವನ್ನೂ ನಿಲ್ಲಿಸುತ್ತದೆ.

ಪ್ರಶ್ನೆ: ಇಂಥದೇ ಸೆನ್ಸರ್‌ನಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್ ಪರೀಕ್ಷಿಸಿದೆ. 100 ಪಟ್ಟು, 200 ಪಟ್ಟು ತೆಳು ಮಾಡಿದರೂ ಒಂದೇ ರೀಡಿಂಗ್.
– ಓದುಗರು, ದೇವನಹಳ್ಳಿ

ಉತ್ತರ: ಅಲ್ಲಿ ನೀವು ಅಳೆಯುತ್ತಿರುವುದು ಆಮ್ಲಜನಕವನ್ನು. ಈ ಎಂಜೈಮ್ ಒಂದು ಎಥನಾಲ್ ಅಣುವಿಗೆ ಒಂದು ಆಮ್ಲಜನಕ ಅಣು ತಿನ್ನುತ್ತದೆ. 12% ವೈನ್‌ನಲ್ಲಿ ಎಥನಾಲ್ ಸುಮಾರು 2 ಮೋಲಾರ್. 200 ಪಟ್ಟು ತೆಳು ಮಾಡಿದರೂ 10 ಮಿಲಿಮೋಲಾರ್. ನೀರಿನಲ್ಲಿ ಕರಗಿದ ಆಮ್ಲಜನಕವೋ ಕಾಲು ಮಿಲಿಮೋಲಾರ್ ಆಸುಪಾಸು. ಅದು ಸಾಲದೆ ರೀಡಿಂಗ್ ಅಲ್ಲೇ ನಿಲ್ಲುತ್ತದೆ. 100 ಮೈಕ್ರೋಲೀಟರನ್ನು 10 ಮಿ.ಲೀ.ಗೆ, ಅದರಿಂದ ಮತ್ತೆ 100 ಮೈಕ್ರೋಲೀಟರನ್ನು 10 ಮಿ.ಲೀ.ಗೆ ಏರಿಸಿ, 10,000 ಪಟ್ಟಿಗೆ 0.2 ಮಿಲಿಮೋಲಾರ್ ಬರುತ್ತದೆ. ಮೆಥನಾಲ್ ಇದ್ದರೆ ಅದನ್ನೂ ಈ ಎಂಜೈಮ್ ಬಿಡದೆ ಓದುತ್ತದೆ, ಹುಷಾರು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಕರಗುವ ಆಮ್ಲಜನಕ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಬೇರೆ ಊರಲ್ಲಿ ಬರೆದ ಕ್ಯಾಲಿಬ್ರೇಷನ್ ಗೆರೆ ಇಲ್ಲಿ ಮೇಲ್ತುದಿಯಲ್ಲಿ ಬೇಗ ಬಾಗುತ್ತದೆ. ಗೆರೆಯನ್ನು ಇಲ್ಲಿಯೇ, ಅದೇ ದಿನದ ಬಫರ್‌ನಲ್ಲಿ ಎಳೆಯಿರಿ.