‘ಇಪ್ಪತ್ತೇಳಕ್ಕ ತಿಂತಿಯೇನು?’: ಕ್ರಿಸ್‌ಮಸ್ ಬಿಟ್ಟ ಮಗ, ಬಿಡದ ತಾಯಿ

ಮನೆಯವರ ನಡುವಿನ ಜಗಳಕ್ಕೆ ಕೂರಿಸಿ ಮಾತಾಡಿಸಿ ಸಲಹೆ ಕೊಡುವ ಕೆಲಸ ನನ್ನದು. ನವೆಂಬರ್ ಮುಗಿಯುತ್ತಾ ಬಂದರೆ ನನ್ನ ಹತ್ತಿರ ಒಂದು ಬಗೆಯ ಜಗಳ ಬರೋದು ಜಾಸ್ತಿಯಾಗುತ್ತದೆ. ಮನೆಯಲ್ಲಿ ಯಾರೋ ಒಬ್ಬರು ಕ್ರಿಸ್‌ಮಸ್ ಮಾಡೋದನ್ನು ಬಿಟ್ಟಿರುತ್ತಾರೆ. ನಂಬಿಕೆ ಕಡಿಮೆಯಾಗಿ ಬಿಟ್ಟವರಲ್ಲ, ಜಾಸ್ತಿಯಾಗಿ ಬಿಟ್ಟವರು. ಜಗಳ ಆಡುವ ಇಬ್ಬರೂ ಕ್ರೈಸ್ತರೇ, ಓದುವುದು ಅದೇ ಬೈಬಲ್. ಮುಸ್ಲಿಂ ಮನೆಗಳಿಂದಲೂ ಇಂಥದ್ದೇ ಜಗಳ ಬರುತ್ತದೆ. ಅಪ್ಪ ಮಿಲಾದ್ ಮಾಡುತ್ತಾರೆ, ದರ್ಗಾದ ಉರುಸಿಗೆ ಹೋಗುತ್ತಾರೆ, ಮಗ ಎರಡೂ ಸಲ್ಲದು ಅನ್ನುತ್ತಾನೆ.

ಹೊರಗಿನವರಿಗೆ ಇದು ತಮಾಷೆ. ಕ್ರೈಸ್ತರಾಗಿ ಕ್ರಿಸ್‌ಮಸ್ ಬೇಡ ಅನ್ನೋದೇನು ಅಂತ ನಗುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಇಂಥ ಒಬ್ಬ ತಾಯಿ, ಮಗನ ಪ್ರಕರಣ ಕೇಳಿ, ‘ತಾಯಿಗೋಸ್ಕರ ಒಂದು ದಿನ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಹೇಳಿ ಕಳಿಸೋದಲ್ವಾ?’ ಅಂದರು. ನಾನು ಹಾಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಬರೆಯಲಿಕ್ಕೇ ಇಲ್ಲಿ ಕೂತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ತಾಯಿ ಹುಬ್ಬಳ್ಳಿಯವರು, ನಿವೃತ್ತ ಶಿಕ್ಷಕಿ, ಗಂಡ ತೀರಿಕೊಂಡಿದ್ದಾರೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟರಲ್ಲ, ಆ ಕಡೆಯ ಹಳೇ ಮನೆತನ. ಡಿಸೆಂಬರ್ ಬಂತೆಂದರೆ ಬಾಗಿಲ ಮೇಲೆ ನಕ್ಷತ್ರ, ರಾತ್ರಿ ಕ್ಯಾರಲ್ಸ್ ಹಾಡಲು ಬರುವ ಹುಡುಗರಿಗೆ ಚಹಾ, ಡಬ್ಬಿ ತುಂಬ ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ. ಮಗ ಬೆಂಗಳೂರಿನಲ್ಲಿದ್ದಾರೆ. ಅಲ್ಲಿ ಒಂದು ಚಿಕ್ಕ ಸಭೆಗೆ (ಒಟ್ಟಿಗೆ ಆರಾಧನೆ ಮಾಡುವ ಕ್ರೈಸ್ತರ ಗುಂಪು) ಹೋಗಲು ಶುರು ಮಾಡಿ, ನೀರಿನಲ್ಲಿ ಮುಳುಗಿ ಎರಡನೇ ಸಲ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತೆಗೆದುಕೊಂಡರು. ‘ಕೂಸಿದ್ದಾಗ ನಾವು ಮಾಡಿಸಿದ್ದು ಲೆಕ್ಕಕ್ಕ ಇಲ್ಲೇನ್ರಿ?’ ಅಂತ ತಾಯಿ ನನ್ನನ್ನು ಕೇಳಿದರು. ಅದು ಮೊದಲ ಪೆಟ್ಟು. ಆಮೇಲೆ ಮಗ ಕ್ರಿಸ್‌ಮಸ್‌ಗೆ ಊರಿಗೆ ಬರೋದನ್ನು ನಿಲ್ಲಿಸಿದರು.

ಅದನ್ನೂ ಅವರು ಸಹಿಸಿಕೊಂಡಿದ್ದರು. ಸಹಿಸಲಾಗದ್ದು ಒಂದು ಫೋನ್. ಎಂಟು ವರ್ಷದ ಮೊಮ್ಮಗಳು, ‘ಅಜ್ಜಿ, ನೀವು ಸ್ಟಾರ್ ಹಾಕೋದು ದೇವರಿಗೆ ಇಷ್ಟ ಇಲ್ಲ, ಗೊತ್ತಾ?’ ಅಂದಳಂತೆ. ಮಗಳಿಗೆ ಈ ಮಾತು ಯಾರೂ ಹೇಳಿಕೊಟ್ಟಿರಲಿಲ್ಲ ಅಂತ ಮಗ ಆಮೇಲೆ ಹೇಳಿದರು. ಇರಬಹುದು. ಮಕ್ಕಳಿಗೆ ಹೇಳಿಕೊಡಬೇಕಿಲ್ಲ, ಊಟಕ್ಕೆ ಕೂತಾಗ ಕೇಳಿಸಿಕೊಂಡರೆ ಸಾಕು.

ಮಗ ಹುಬ್ಬಳ್ಳಿಗೆ ಬಂದಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಮಗ ಒಂದು ನೋಟ್‌ಬುಕ್ ತಂದಿದ್ದರು. ಅದರ ತುಂಬ ಬೈಬಲ್ಲಿನ ವಾಕ್ಯಗಳು. ಯೇಸು ಹುಟ್ಟಿದ ದಿನ ಯಾವುದು ಅಂತ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಅದನ್ನು ಆಚರಿಸಿ ಅಂತಲೂ ಇಲ್ಲ. ರೊಟ್ಟಿ ಮುರಿದು ತನ್ನ ಸಾವನ್ನು ನೆನೆಸಿಕೊಳ್ಳಿ ಅಂದ ಕರ್ತನು ಹುಟ್ಟಿನ ಬಗ್ಗೆ ಹಾಗೇನೂ ಹೇಳಿಲ್ಲ. ಡಿಸೆಂಬರ್ ಕೊನೆಯದ್ದು ರೋಮಿನವರ ಸೂರ್ಯನ ಹಬ್ಬ. ಮರ ಕಡಿದು ತಂದು ಬೆಳ್ಳಿ ಬಂಗಾರದಿಂದ ಸಿಂಗರಿಸುವುದನ್ನು ಯೆರೆಮೀಯನು ಹತ್ತನೇ ಅಧ್ಯಾಯದಲ್ಲೇ ಬೈದಿದ್ದಾನೆ. ಹೀಗೆ ನಡೆಯಿತು. ಚೆನ್ನಾಗಿಯೇ ಮಾತಾಡಿದರು. ತಾಯಿ ಸುಮ್ಮನೆ ಕೂತಿದ್ದರು.

ನಾನು ಕ್ರೈಸ್ತಳಲ್ಲ. ಯಾರ ವಾದ ಸರಿ ಅಂತ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಇಂಥ ಪ್ರಕರಣ ತೆಗೆದುಕೊಳ್ಳುವವರು ಸ್ವಲ್ಪ ಓದಿಕೊಂಡಿರಬೇಕು ಅಂತ ನಂಬಿದವಳು. ಹಾಗಾಗಿ ತಾಯಿಗೆ ಕೆಲವು ಸಂಗತಿ ಹೇಳಿದೆ. ನಿಮ್ಮ ಮಗ ಹೇಳುತ್ತಿರುವುದು ಬೆಂಗಳೂರಿನಲ್ಲಿ ಹುಟ್ಟಿದ ಮಾತಲ್ಲ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೇ ಕ್ರಿಸ್‌ಮಸ್ ಹಬ್ಬವನ್ನು ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿ ಸಿಕ್ಕಿಬಿದ್ದವರಿಗೆ ಐದು ಶಿಲಿಂಗ್ ದಂಡ. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್‌ಗೆ ಸರ್ಕಾರಿ ರಜೆ ಬಂದದ್ದೇ 1958ರಲ್ಲಿ. ಮಾಡಬಾರದು ಅಂದವರೆಲ್ಲ ಬೈಬಲ್ ಕೈಯಲ್ಲಿ ಹಿಡಿದವರೇ.

‘ಹಂಗಾದ್ರ ಇವರೇನು ಹುಚ್ಚರಲ್ಲ’ ಅಂದರು ತಾಯಿ. ಮಗನ ಮುಖ ಸ್ವಲ್ಪ ಸಡಿಲವಾಯಿತು.

ಮಗನಿಗೂ ಎರಡು ಮಾತು ಹೇಳಿದೆ. ಡಿಸೆಂಬರ್ 25 ಅಂತ ಬರೆದಿಟ್ಟ ಹಳೆಯ ದಾಖಲೆ 354ರ ರೋಮಿನ ಒಂದು ಪಂಚಾಂಗ. ಆ ದಿನವನ್ನೇ ಯಾಕೆ ಹಿಡಿದರು ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಸೂರ್ಯನ ಹಬ್ಬದಿಂದ ಅಂತ ಕೆಲವರು. ಮರಿಯಳು ಗರ್ಭ ಧರಿಸಿದ್ದು ಮಾರ್ಚ್ 25 ಅಂತ ಇಟ್ಟುಕೊಂಡು ಒಂಬತ್ತು ತಿಂಗಳು ಎಣಿಸಿದರು ಅಂತ ಇನ್ನು ಕೆಲವರು. ಯೆರೆಮೀಯನು ಬೈದಿದ್ದು ಮರ ಕೆತ್ತಿ ವಿಗ್ರಹ ಮಾಡುವವರನ್ನು ಅಂತ ಓದುವವರೂ ಬೇಕಾದಷ್ಟು ಜನ. ಅವರ ನಿರ್ಧಾರ ಬದಲಿಸಬೇಕು ಅಂತ ಇದನ್ನು ಹೇಳಲಿಲ್ಲ. ಎದುರಿಗೆ ಕೂತ ತಾಯಿ ಏನೂ ತಿಳಿಯದೆ ಹಬ್ಬ ಮಾಡುತ್ತಿದ್ದಾರೆ ಅನ್ನುವ ದನಿ ಅವರ ಮಾತಿನಲ್ಲಿತ್ತು. ಅದು ಇಳಿಯಲಿ ಅಂತ ಹೇಳಿದೆ.

ಮಗ ಮತ್ತೆ ನೋಟ್‌ಬುಕ್ ತಿರುವಿದರು. ಆಗ ತಾಯಿ ಮೊದಲ ಸಲ ಅವರ ಕಡೆ ತಿರುಗಿ ಕೇಳಿದರು:

‘ಅದೆಲ್ಲಾ ಇರ್ಲಿ. ಕರ್ಚಿಕಾಯಿ ಇಪ್ಪತ್ತೇಳಕ್ಕ ತಿಂತಿಯೇನು?’

ಹಬ್ಬ ಮುಗಿದು ಎರಡು ದಿನಕ್ಕೆ, ಡಿಸೆಂಬರ್ 27ಕ್ಕೆ ಅಂತ. ಮಗ ತಬ್ಬಿಬ್ಬಾದರು. ನೋಟ್‌ಬುಕ್ಕಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

‘ಹಬ್ಬಕ್ಕಂತ ಮಾಡಿದ್ದಾದ್ರ...’ ಅಂತ ಶುರು ಮಾಡಿ ನಿಲ್ಲಿಸಿದರು.

‘ನಾ ಹಬ್ಬಕ್ಕಂತನೂ ಮಾಡ್ತೀನಿ, ನಿನಗಂತನೂ ಮಾಡ್ತೀನಿ. ಯಾವುದು ತಿಂತಿ ಹೇಳು.’

ನಾನು ನಡುವೆ ಬಾಯಿ ಹಾಕಲಿಲ್ಲ. ಇಲ್ಲಿಯವರೆಗೆ ಮಾತು ‘ಮಾಡಬೇಕಾ, ಮಾಡಬಾರದಾ’ ಅನ್ನುವಲ್ಲೇ ಸುತ್ತುತ್ತಿತ್ತು. ಈಗ ಆ ಮನುಷ್ಯ ತನಗೆ ಬೇಡವಾದದ್ದು ನಿಜವಾಗಿ ಏನು ಅಂತ ಬಿಡಿಸಿ ನೋಡಬೇಕಾಯಿತು. ದಿನವೋ? ಆರಾಧನೆಯೋ? ತಿಂಡಿಯೋ? ತಾಯಿಯ ಅಡುಗೆಮನೆಯೋ? ಮೊದಲೆರಡು ಬೇಡ ಅಂತ ಅವರು ಯೋಚಿಸಿಯೇ ತೀರ್ಮಾನಿಸಿದ್ದರು. ಉಳಿದೆರಡನ್ನು ಯೋಚಿಸದೆ ಬಿಟ್ಟಿದ್ದರು, ಸುಮ್ನೆ ಜೊತೆಗೆ ಹೋಗಿದ್ದವು.

ತಾಯಿಯೇ ಮುಂದುವರಿಸಿದರು. ‘ಬಾಜೂಮನಿ ಅಕ್ಕಾರು ಗಣಪತಿ ಹಬ್ಬಕ್ಕ ನನಗ ಕಡಬು ಕೊಡ್ತಾರಲ್ಲ, ಹೆಂಗ್ ಕೊಡ್ತಾರ ಗೊತ್ತೈತಿಲ್ಲ? ದೇವರಿಗೆ ಎಡಿ ಹಿಡಿಯೋಕಿಂತ ಮೊದಲ ನಂದು ತಗದು ಬ್ಯಾರೆ ಡಬ್ಬ್ಯಾಗ ಇಟ್ಟಿರ್ತಾರ. ನಾ ಎಡಿ ಹಿಡಿದದ್ದು ತಿನ್ನಂಗಿಲ್ಲಂತ ಅವರಿಗೆ ಗೊತ್ತು. ಇಷ್ಟ್ ವರ್ಷ ಆತು, ಒಮ್ಮೆನೂ ಯಾಕ ಅಂತ ಕೇಳಿಲ್ಲ. ನಾನೂ ಅವರಿಗೆ ವಾಕ್ಯ ಓದಿ ಹೇಳಿಲ್ಲ. ಹಂಗ ನಿಂದೂ ತಗದಿಡ್ತೀನಿ. ತಿಂತಿಯೇನು?’

‘ಹಂಗ ಇಟ್ರ ತಿಂತೀನವ್ವಾ.’

‘ಅಂದ್ರ ನೀ ಈಗ ಬಾಜೂಮನಿಯಾವ ಆದಿ.’

ಈ ಕೊನೇ ಮಾತಿಗೆ ಮಗ ಉತ್ತರ ಕೊಡಲಿಲ್ಲ. ನಾನೂ ಅದನ್ನು ಮೆತ್ತಗೆ ಮಾಡಲು ಹೋಗಲಿಲ್ಲ. ಮಗ ಹಬ್ಬ ಬೇಡ ಅಂದದ್ದಕ್ಕೆ ತಾಯಿ ತೆತ್ತ ಬೆಲೆ ಅದು. ಅವರ ಬಾಯಿಂದಲೇ ಅದು ಬರಬೇಕಿತ್ತು, ಮಗ ಕೂತು ಕೇಳಬೇಕಿತ್ತು. ‘ಛೇ, ಹಾಗೆಲ್ಲ ಅನ್ಕೋಬೇಡಿ’ ಅಂತ ನಾನು ಅಂದಿದ್ದರೆ ಇಬ್ಬರಿಗೂ ಮೋಸ ಆಗುತ್ತಿತ್ತು.

ಆಮೇಲೆ ನಾನು ಕೊಟ್ಟ ಸಲಹೆ ಈ ಡಬ್ಬಿಯಿಂದಲೇ ಹುಟ್ಟಿದ್ದು. ಮಗನಿಗೆ ಹೇಳಿದೆ: ನೀವು ಬರದಿರುವುದನ್ನು ಅಕ್ಟೋಬರ್‌ನಲ್ಲೇ ಹೇಳಿ, ಡಿಸೆಂಬರ್ 20ಕ್ಕೆ ಹೇಳಬೇಡಿ. ಒಂದೇ ವಾಕ್ಯದಲ್ಲಿ ಹೇಳಿ. ಕಾರಣ ಅವರಿಗೆ ಗೊತ್ತು, ಮತ್ತೆ ಓದಬೇಡಿ. ‘ಬರಂಗಿಲ್ಲ’ ಅಂದ ಬಾಯಲ್ಲೇ ‘27ಕ್ಕೆ ಬರ್ತೀನಿ’ ಅನ್ನಿ, ಟಿಕೆಟ್ ತೆಗೆಸಿ. ಬೇಡ ಅಂದವರು ಮುಂದೆ ಏನು ಮಾಡುತ್ತೇವೆ ಅನ್ನುವುದನ್ನೂ ಹೇಳಬೇಕು. ಆ ಭಾರ ತಾಯಿಯದಲ್ಲ, ನಿಮ್ಮದು.

ಮಗ ಒಂದು ಬೇಡಿಕೆ ಇಟ್ಟರು. ‘ನಾವು ಬರೋಷ್ಟರಲ್ಲಿ ನಕ್ಷತ್ರ ಇಳಿಸಿದ್ರೆ ಅನುಕೂಲ. ಮಗಳು ನೋಡ್ತಾಳೆ.’ ಇದಕ್ಕೆ ಮಾತ್ರ ಖಡಾಖಂಡಿತವಾಗಿ ಆಗಲ್ಲ ಅಂದೆ. ಮನೆ ಅವರದು, ನಕ್ಷತ್ರ ಅವರದು, ಹೊಸ ವರ್ಷದ ತನಕ ಅಲ್ಲೇ ಇರುತ್ತದೆ. ನೀವು ಹಾಡಬೇಕಾಗಿಲ್ಲ, ದೀಪ ಹಚ್ಚಬೇಕಾಗಿಲ್ಲ, ಚರ್ಚಿಗೆ ಹೋಗಬೇಕಾಗಿಲ್ಲ. ನಿಮ್ಮ ಮನಸ್ಸಾಕ್ಷಿ ನಿಮ್ಮ ಕೈಕಾಲನ್ನು ತಡೆಯಲಿ, ಅವರ ಬಾಗಿಲಿಗೆ ಹತ್ತುವುದು ಬೇಡ.

ತಾಯಿಗೆ ಹೇಳಿದ್ದು ಇನ್ನೂ ಕಷ್ಟದ ಮಾತು. ‘ನನ್ನ ಸಲುವಾಗಿ ಒಂದಿನ’ ಅನ್ನಬೇಡಿ. ಅಯ್ಯನವರನ್ನು (ಚರ್ಚಿನ ಪಾದ್ರಿಯನ್ನು), ಅಣ್ಣತಮ್ಮಂದಿರನ್ನು ಕರೆದು ಬುದ್ಧಿ ಹೇಳಿಸಬೇಡಿ. ಮೊಮ್ಮಗಳನ್ನು ಕದ್ದು ಕ್ಯಾರಲ್ಸ್‌ಗೆ ಕರೆದುಕೊಂಡು ಹೋಗಬೇಡಿ. ಆಗ ಅವರು ಕೇಳಿದ್ದು ಇದು: ‘ಸಭೆಯಾಗ ಎಲ್ಲಾರೂ ಮಗ ಬರಲಿಲ್ಲೇನ್ರಿ ಅಂತಾರ. ಏನ್ ಹೇಳ್ಲಿ ಮೇಡಂ?’ ‘27ಕ್ಕೆ ಬರ್ತಾನ ಅನ್ನಿ’ ಅಂದೆ. ಇಷ್ಟು ಚಿಕ್ಕ ಉತ್ತರ ಸಾಕಾಗುತ್ತದೆ ಅಂತ ಅವರಿಗೆ ಅನ್ನಿಸಿರಲಿಲ್ಲ.

ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಯಾಕೆ ಹೇಳಲಿಲ್ಲ ಅನ್ನೋದಕ್ಕೆ ಈಗ ಬರುತ್ತೇನೆ. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಿದರು. ಯೆಹೋವನ ಸಾಕ್ಷಿಗಳ ಪಂಗಡದವರು. ಆ ಪಂಗಡದವರೂ ಕ್ರಿಸ್‌ಮಸ್ ಮಾಡುವುದಿಲ್ಲ. ನಮ್ಮ ಈ ಮಗನ ಸಭೆ ಅದಲ್ಲ, ಬೇರೆ. ರಾಷ್ಟ್ರಗೀತೆ ಹಾಡುವಾಗ ಆ ಮಕ್ಕಳು ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂತ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತ ಮೇಲೆ ಹಾಡದಿದ್ದರೆ ಅಗೌರವ ಆಗಲ್ಲ ಅನ್ನೋದು ಅದರ ಸಾರ. ಸಂವಿಧಾನದ 25ನೇ ವಿಧಿಯಲ್ಲಿರುವ ಮನಸ್ಸಾಕ್ಷಿಯ ಸ್ವಾತಂತ್ರ್ಯ ಅಂದರೆ ಇದೇ. ಕೋರ್ಟು ಶಾಲೆಯಿಂದ ಕೇಳಿದ್ದನ್ನು ನಾನು ಮನೆಗಳಿಂದ ಕೇಳುತ್ತೇನೆ. ನಂಬಿಕೆ ಇಲ್ಲದ ಕಡೆ ಹಾಡು ಅನ್ನಬೇಡಿ. ಹಾಡದವರು ಎದ್ದಂತೂ ನಿಲ್ಲಲಿ.

ಒಂದು ದಿನ ನಟಿಸಿದರೆ ಏನಾಗುತ್ತದೆ ಅನ್ನುವವರಿಗೆ ನಾನು ಕಂಡದ್ದನ್ನು ಹೇಳುತ್ತೇನೆ. ಒತ್ತಾಯಕ್ಕೆ ಬಂದು ಕೂತವರು ಹಬ್ಬದ ದಿನ ಮುಖ ಗಂಟು ಹಾಕಿಕೊಂಡಿರುತ್ತಾರೆ. ಮರುವರ್ಷ ಅದರ ಮರುವರ್ಷ ಬೇರೆ ಬೇರೆ ನೆಪ ಹೇಳುತ್ತಾರೆ. ಕೊನೆಗೆ ಹಬ್ಬಕ್ಕೂ ಬರಲ್ಲ, ಸುಮ್ಮನೆಯೂ ಬರಲ್ಲ.

ನನ್ನ ಸಹೋದ್ಯೋಗಿಯ ಇನ್ನೊಂದು ಆಕ್ಷೇಪಣೆಯಲ್ಲಿ ಹುರುಳಿದೆ. ಕೆಲವು ಗುಂಪುಗಳು ಹಬ್ಬ ಬಿಡಿಸುವ ನೆಪದಲ್ಲಿ ಮನೆಯವರನ್ನೇ ಬಿಡಿಸುತ್ತವೆ. ಅದಕ್ಕೇ ಮಗನನ್ನು ಒಬ್ಬರೇ ಇದ್ದಾಗ ಕೇಳಿದ್ದೆ. ತಾಯಿಯ ಜೊತೆ ಊಟ ಮಾಡಬೇಡಿ ಅಂತ ನಿಮ್ಮ ಸಭೆಯಲ್ಲಿ ಹೇಳುತ್ತಾರಾ? ಊರಿಗೆ ಹೋಗಿ ಬಂದದ್ದಕ್ಕೆ ಲೆಕ್ಕ ಕೇಳುತ್ತಾರಾ? ಸಂಬಳದಲ್ಲಿ ಎಷ್ಟು ಕೊಡಬೇಕು ಅಂತ ಅವರೇ ಗೊತ್ತು ಮಾಡುತ್ತಾರಾ? ಬಿಟ್ಟು ಹೋದವರ ಜೊತೆ ಮಾತಾಡಬಾರದು ಅಂತ ಇದೆಯಾ? ಇಲ್ಲ ಅಂದರು, ನಂಬುವ ಹಾಗೆ ಹೇಳಿದರು. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ನನ್ನ ಸಲಹೆ ಬೇರೆ ಇರುತ್ತಿತ್ತು. ಕರ್ಚಿಕಾಯಿ ಮಾತು ಅಲ್ಲಿ ಸಾಕಾಗುವುದಿಲ್ಲ.

ಮಗುವಿನ ವಿಷಯ. ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಅವಳಿಗೆ ದೇವದೂತೆಯ ಪಾತ್ರ ಸಿಕ್ಕಿತ್ತು. ಅಪ್ಪ ಬಿಡಿಸಿದ್ದರು, ಅದೂ ರಿಹರ್ಸಲ್ ಶುರುವಾದ ಮೇಲೆ. ಇನ್ನು ಮುಂದೆ ಪಾತ್ರ ಹಂಚುವ ಮೊದಲೇ ಕ್ಲಾಸ್ ಟೀಚರಿಗೆ ಚೀಟಿ ಬರೆದುಕೊಡಿ ಅಂದೆ. ಆ ಹೊತ್ತಿಗೆ ಅವಳಿಗೆ ಮಾಡಲು ಬೇರೆ ಕೆಲಸ ಕೇಳಿ, ಮೂಲೆಯಲ್ಲಿ ಕೂರಿಸಲು ಬಿಡಬೇಡಿ. ಅವಳಿಗೆ ಹೇಳಿಕೊಡಬೇಕಾದ ಮಾತು ‘ನಮ್ಮ ಮನೆಯಲ್ಲಿ ಮಾಡಲ್ಲ’ ಅಷ್ಟೇ. ‘ನೀವು ಮಾಡೋದು ತಪ್ಪು’ ಅನ್ನೋದನ್ನು ಎಂಟು ವರ್ಷದವಳ ಬಾಯಲ್ಲಿ ಹಾಕಬಾರದು. ಅಜ್ಜಿಗೆ ಹೇಳುವುದಿದ್ದರೆ ಅಪ್ಪನೇ ಹೇಳಲಿ.

27ರ ಭೇಟಿ ನಡೆದಿದೆ. ನಕ್ಷತ್ರ ಇತ್ತು, ಡಬ್ಬಿ ಬೇರೆ ಇಟ್ಟಿದ್ದರು. ಮೊಮ್ಮಗಳು ನಕ್ಷತ್ರದ ಬಗ್ಗೆ ಏನೂ ಅನ್ನಲಿಲ್ಲವಂತೆ. ತಾಯಿಗೆ ಇನ್ನೂ 25ರ ಬೆಳಗ್ಗೆ ಆರಾಧನೆಯಲ್ಲಿ ಪಕ್ಕದ ಜಾಗ ಖಾಲಿ ಇರೋದು ಕಷ್ಟ ಅನ್ನಿಸುತ್ತದೆ. ಅದಕ್ಕೆ ನನ್ನಲ್ಲಿ ಔಷಧಿ ಇಲ್ಲ ಅಂತ ಅವರಿಗೂ ಹೇಳಿದ್ದೇನೆ.

ಇಷ್ಟೆಲ್ಲದರಲ್ಲಿ ಸೊಸೆ ಒಮ್ಮೆಯೂ ನನ್ನ ಮುಂದೆ ಕೂತಿಲ್ಲ. ಅವರೂ ಹಬ್ಬ ಮಾಡುವ ಮನೆಯಿಂದಲೇ ಬಂದವರು. ಬಿಡೋದಕ್ಕೆ ಅವರ ಮನಸ್ಸೂ ಇತ್ತಾ ಅಂತ ಕೇಳಿದ್ದಕ್ಕೆ ಮಗ, ‘ಅವಳದ್ದೇನೂ ತಕರಾರಿಲ್ಲ’ ಅಂದರು. ಮುಂದಿನ ಸಲ ಅವರನ್ನು ಒಬ್ಬರನ್ನೇ ಕಳಿಸಿ ಅಂತ ಹೇಳಿದ್ದೇನೆ.