ನಿಲ್ಲಿಸುವಾಗ ಪೆಡಲ್ ಅದುರುತ್ತಿದ್ದರೆ ಮೊದಲು ಸೆನ್ಸರ್ ನೋಡಿ

ಒಣ ರಸ್ತೆಯಲ್ಲೇ, ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಬ್ರೇಕ್ ಪೆಡಲ್ ಗಡಗಡ ಅದುರುತ್ತದೆ, ಆದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತುವುದಿಲ್ಲ ಅಂದಿದ್ದೀರಿ. ಹಳೇ ಎಸ್‌ಯುವಿಗಳಲ್ಲಿ ಇದು ಆಗಾಗ ಕಾಣುವ ತೊಂದರೆ. ಎಬಿಎಸ್ ಪಂಪ್ ಬದಲಿಸಲು ಈಗಲೇ ದುಡ್ಡು ಸುರಿಯಬೇಡಿ. ಮೊದಲು ಮುಂದಿನ ಚಕ್ರಗಳ ಸ್ಪೀಡ್ ಸೆನ್ಸರ್ ಬಿಚ್ಚಿಸಿ ನೋಡಿ.

ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಪದರ ಕಟ್ಟಿ, ಅದನ್ನು ಕೂದಲೆಳೆಯಷ್ಟು ಮೇಲೆತ್ತಿರುತ್ತದೆ. ಹಳೇ ಮಾದರಿಯ ಸೆನ್ಸರ್ ಒಳಗಿರುವುದು ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ, ಅಷ್ಟೇ. ಚಕ್ರ ನಿಧಾನವಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ. ತುಕ್ಕಿನಿಂದಾಗಿ ಸೆನ್ಸರ್‌ಗೂ ಚಕ್ರದ ಜೊತೆ ತಿರುಗುವ ಹಲ್ಲಿನ ಉಂಗುರಕ್ಕೂ ನಡುವಿನ ಅಂತರವೂ ಜಾಸ್ತಿಯಾದರೆ ಕಡಿಮೆ ವೇಗದಲ್ಲಿ ಸಿಗ್ನಲ್ಲೇ ಸಿಗುವುದಿಲ್ಲ. ಚಕ್ರ ಲಾಕ್ ಆಯಿತು ಅಂದುಕೊಂಡು ಕಂಪ್ಯೂಟರ್ ಬ್ರೇಕ್ ಒತ್ತಡ ಬಿಟ್ಟುಬಿಡುತ್ತದೆ. ಗಾಡಿ ಮುಂದಕ್ಕೆ ಹೋಗುತ್ತದೆ. ನನಗೆ ಭಯ ಇರುವುದು ಇದಕ್ಕೇ, ಮುಂದೆ ಯಾರಾದರೂ ದಾಟುತ್ತಿರಬಹುದು ಅಲ್ವಾ?

ಎಬಿಎಸ್ ಓದಬಲ್ಲ ಸ್ಕ್ಯಾನರ್ ಹಾಕಿ, ನಿಧಾನವಾಗಿ ನಿಲ್ಲಿಸುತ್ತಾ ಬನ್ನಿ. ಪಕ್ಕದಲ್ಲಿ ಕೂತವರು ನಾಲ್ಕೂ ಚಕ್ರಗಳ ವೇಗ ನೋಡಲಿ. ಉಳಿದವಕ್ಕಿಂತ ಮೊದಲು ಸೊನ್ನೆಗೆ ಬೀಳುವುದೇ ಕಳ್ಳ. ಆ ಸೆನ್ಸರ್ ತೆಗೆದು, ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ. ತುಕ್ಕಿನ ಪುಡಿ ತೂತಿನೊಳಗೆ ಬೀಳದಂತೆ ನೋಡಿಕೊಳ್ಳಿ. ಚಕ್ರ ತಿರುಗಲು ಆಧಾರವಾದ ಹಬ್ ಬೇರಿಂಗ್ ಅಲ್ಲಾಡುತ್ತಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಅದನ್ನೇ ಬದಲಿಸಬೇಕು.

ಸುಮ್ನೆ ಎಬಿಎಸ್ ಫ್ಯೂಸ್ ಕಿತ್ತು ಓಡಿಸಬೇಡಿ. ಎಷ್ಟೋ ಗಾಡಿಗಳಲ್ಲಿ ಹಿಂದಿನ ಚಕ್ರಗಳಿಗೆ ಎಷ್ಟು ಬ್ರೇಕ್ ಹೋಗಬೇಕು ಅನ್ನುವುದನ್ನೂ ಎಬಿಎಸ್ಸೇ ನೋಡಿಕೊಳ್ಳುತ್ತದೆ.