ಕೊಟ್ಟಿಗೆಯ ಕೆಂಪು ಟ್ರ್ಯಾಕ್ಟರ್ ಎಷ್ಟಕ್ಕೆ ಹೋದೀತು?

ನಮಸ್ಕಾರ ಸರ. ಮಾವನವರು ತೀರಿಕೊಂಡ ಮೇಲೆ ಕೊಟ್ಟಿಗೆಯಲ್ಲೇ ನಿಂತಿರುವ ಟ್ರ್ಯಾಕ್ಟರ್ ಯಾವುದು, ಎಷ್ಟಕ್ಕೆ ಹೋದೀತು ಅಂತ ಕೇಳಿದಿರಿ. ಆರ್‌ಸಿ, ಅಂದರೆ ನೋಂದಣಿ ಪತ್ರ, ಸಿಕ್ಕಿಲ್ಲ ಅಂದಿರಿ. ಗುರುತಿಗೆ ನೀವು ಹೇಳಿದ್ದು ಒಂದೇ ಮಾತು: ಕೆಂಪಗಿದೆ. ಮಹಾರಾಷ್ಟ್ರ ಗಡಿಯ ನಮ್ಮ ಅಥಣಿ, ಕಾಗವಾಡ ಕಡೆ ಯಾವ ಟ್ರ್ಯಾಕ್ಟರ್ ಮಿಸ್ತ್ರಿಗೆ ಇಷ್ಟು ಹೇಳಿದರೂ ನಗುತ್ತಾನೆ. ಮಹೀಂದ್ರಾ ಕೆಂಪು, ಮ್ಯಾಸಿ ಕೆಂಪು, ಹಳೇ ಐಷರ್ ಕೂಡ ಕೆಂಪು. ಮೇಲೆ ಖಂಡೇನವಮಿ, ಅಂದರೆ ಆಯುಧಪೂಜೆ, ಬಂತೆಂದರೆ ಅಂಗಡಿಯಲ್ಲಿ ಸಿಕ್ಕ ಬಣ್ಣ ಬಳಿಯುವ ಮಂದಿ ನಾವು. ಮ್ಯಾಸಿ ಬಾನೆಟ್ ಹೊತ್ತು ತಿರುಗುವ ಬೇರೆ ಗಾಡಿಯನ್ನೂ ಕಂಡಿದ್ದೇನೆ. ತಗಡು ನಂಬಬೇಡಿ.

ಬಾನೆಟ್ ಎತ್ತಿ. ಡೀಸೆಲ್ ಪಂಪಿನಿಂದ ನಾಝಲ್‌ಗೆ ಹೋಗುವ ಸಣ್ಣ ಉಕ್ಕಿನ ಪೈಪು ಎಣಿಸಿ. ಎಷ್ಟು ಪೈಪೋ ಅಷ್ಟು ಸಿಲಿಂಡರ್. ಒಂದೇ ಪೈಪು, ಮುಂದೆ ರೇಡಿಯೇಟರ್ ಇಲ್ಲ, ಎಂಜಿನ್ ಮೈತುಂಬ ರೆಕ್ಕೆಯಂಥ ಪದರ ಅಂದರೆ ಅದು ಗಾಳಿಗೆ ತಣಿಯುವ ಹಳೇ ಐಷರ್. ಹೊಲದ ಆಚೆ ಬದಿಯಿಂದ ಅದರ ಡಬ್ ಡಬ್ ಕೇಳಿಯೇ ನಮ್ಮ ಹುಡುಗರು ಹೆಸರು ಹೇಳುತ್ತಾರೆ. ಎರಡಿದ್ದರೆ ಎಚ್‌ಎಂಟಿ 2511 ಇರಬಹುದು. ಝೀಟರ್ ಕಂಪನಿಯ ತಂತ್ರಜ್ಞಾನ ತಂದು ಪಿಂಜೋರಿನಲ್ಲಿ 1971ರಿಂದ ಮಾಡಿದ 25 ಎಚ್‌ಪಿ ಗಾಡಿ ಅದು. ಕಾರ್ಖಾನೆ ಈಗ ಮುಚ್ಚಿದೆ, ಸಾಮಾನು ಹುಡುಕಬೇಕು, ಬೆಲೆಯಲ್ಲಿ ಅದು ಕಾಣುತ್ತದೆ. ಮೂರಿದ್ದರೆ ಮ್ಯಾಸಿ 1035 ಆಗಿರುವ ಸಾಧ್ಯತೆ ಜಾಸ್ತಿ, ನಾಲ್ಕಿದ್ದರೆ ಮಹೀಂದ್ರಾ 575. ಇದು ಅಂದಾಜು ಅಷ್ಟೇ. ಖಾತ್ರಿಯಾಗಬೇಕಾದರೆ ಎರಕದ ಮೇಲೆ ಹೊಡೆದ ಚಾಸಿ ನಂಬರನ್ನು ಡೀಸೆಲ್ ಬಟ್ಟೆಯಿಂದ ಒರೆಸಿ ಓದಿ, ಆರ್‌ಸಿ ಜೊತೆ ಒಂದೊಂದೇ ಅಂಕಿ ತಾಳೆ ಹಾಕಿ. ಮೊಳೆ ಹೊಡೆದು ಕೂರಿಸಿದ ನಂಬರ್ ಪಟ್ಟಿಯನ್ನಾದರೆ ಯಾರಾದರೂ ಬಿಚ್ಚಿ ಬೇರೆ ಕಡೆ ಹಚ್ಚಬಹುದು.

ಇನ್ನು ನಮ್ಮ ಗಡಿಯ ಮಾತು. ಇಲ್ಲಿ ಸಂತೆಗೆ ಒಂದು ರಾಜ್ಯ, ದವಾಖಾನೆಗೆ ಇನ್ನೊಂದು ರಾಜ್ಯ. ಟ್ರ್ಯಾಕ್ಟರ್ ಕೆಟ್ಟರೆ ಮಿರಜ ಇಲ್ಲವೇ ಸಾಂಗ್ಲಿ. ಅಲ್ಲಿಯ ಮಿಸ್ತ್ರಿ ಎಂಜಿನ್ ನೋಡುವ ಮೊದಲೇ ‘ಕಾಗದ ಕುಠೆ ಆಹೇತ?’ ಅಂತಾನೆ, ಕಾಗದ ಎಲ್ಲಿ ಅಂತ. ಅವನು ಯಾಕೆ ಹಾಗೆ ಕೇಳುತ್ತಾನೆ ಅನ್ನುವುದು ನಿಮ್ಮ ಗಾಡಿಯ ನಂಬರ್ ನೋಡಿದರೆ ತಿಳಿಯುತ್ತದೆ. ಕೆಎ-23 ಇದ್ದರೆ ಚಿಕ್ಕೋಡಿ, ಸಲೀಸು. ಎಂಎಚ್-10 ಇದ್ದರೆ ಸಾಂಗ್ಲಿ, ಎಂಎಚ್-09 ಇದ್ದರೆ ಕೊಲ್ಲಾಪುರ. ಆ ಕಡೆಯ ಬೀಗರಿಂದ ತಗೊಂಡದ್ದು, ಹೆಸರು ಬದಲಿಸದೆ ಹತ್ತು ವರ್ಷ ಹೊಡೆದದ್ದು ಇಲ್ಲಿ ಊರಿಗೆ ಹತ್ತು ಸಿಗುತ್ತವೆ. ಕಾನೂನಿನ ಪ್ರಕಾರ ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಇಲ್ಲಿನ ನಂಬರ್ ತೆಗೆಸಬೇಕು. ಅದಕ್ಕೆ ಮೊದಲು ಆ ಕಡೆಯ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತರಬೇಕು, ಅದರ ಅರ್ಜಿ ಫಾರ್ಮ್ 28. ಗಾಡಿಯ ಮೊದಲ ಮಾಲೀಕನೇ ಇಲ್ಲ ಅಂದರೆ ಆ ಸಹಿ ಯಾರು ಹಾಕಬೇಕು ಹೇಳಿ? ಮಾವನವರ ಹೆಸರಿನಲ್ಲೇ ಇದ್ದರೆ ವಾರಸುದಾರರು ಫಾರ್ಮ್ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ಮಾರಾಟ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅಲ್ಲಿಂದ ಐದೈದು ವರ್ಷಕ್ಕೆ ನವೀಕರಣ. ಅದು ಆಗಿದೆಯೋ ನೋಡಿ. ಸಾಲದಲ್ಲಿ ತಂದ ಗಾಡಿಯಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ, ಹೊಲದ ಉತಾರದ (ಪಹಣಿಯ) 11ನೇ ಕಾಲಮ್ಮಿನಲ್ಲಿ ಬೋಜಾ, ಅಂದರೆ ಸಾಲದ ದಾಖಲೆ, ಕೂಡ. ಸಾಲ ತೀರಿಸಿ ಇಪ್ಪತ್ತು ವರ್ಷ ಆದರೂ ಬೋಜಾ ಕಡಿಮೆ ಮಾಡಿಸದವರು ಬಹಳ.

ಕಾಗದ ಸರಿ ಇದ್ದರೆ ಕಬ್ಬಿಣಕ್ಕೆ ಬನ್ನಿ. ಹೊರಗಿನವರು ಮೊದಲು ಮೀಟರ್ ನೋಡುತ್ತಾರೆ. ಹಳೇ ಗಾಡಿಯಲ್ಲಿ ಅದು ಎಂದೋ ನಿಂತಿರುತ್ತದೆ. ನಾವು ನೋಡುವುದು ಹಿಂದಿನ ಹುಕ್ಕು. ಟ್ರೇಲರ್ ಪಿನ್ನು ಹಾಕುವ ತೂತು ದುಂಡಗಿದ್ದರೆ ಗಾಡಿ ಹೊಲದಲ್ಲಿ ದುಡಿದದ್ದು. ಮೊಟ್ಟೆಯಂತೆ ಉದ್ದಕ್ಕೆ ಸವೆದಿದ್ದರೆ ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಹಂಗಾಮಿನುದ್ದಕ್ಕೂ ಫ್ಯಾಕ್ಟರಿಗೆ ಓಡಿದ್ದು. ಅಂಥದರ ಗೇರು, ಬ್ರೇಕು, ಕ್ಲಚ್ಚು ಮೂರರದೂ ಆಯುಷ್ಯ ಕಡಿಮೆ. ತೂತಿಗೆ ಹೊಸ ವೆಲ್ಡಿಂಗ್ ಕಂಡರೆ ಮಾರುವವನು ಬುದ್ಧಿವಂತ ಅಂತ ತಿಳಿಯಿರಿ.

ಎರಡನೆಯದು ಹೊಳೆ. ಕೃಷ್ಣೆ 2005ರಲ್ಲಿ, 2019ರಲ್ಲಿ, 2021ರಲ್ಲಿ ಊರೊಳಗೆ ಬಂದಳು. ಜನ ದನ ಬಿಚ್ಚಿಕೊಂಡು ಹೋದರು, ಟ್ರ್ಯಾಕ್ಟರ್ ಎಷ್ಟೋ ಕಡೆ ನೀರಲ್ಲೇ ಉಳಿಯಿತು. 2006ರಲ್ಲಿ ಅಂಥದೊಂದನ್ನು ನಾನೇ ತಗೊಂಡೆ. ಬಣ್ಣ ಥಳಥಳ, ಸೀಟು ಹೊಸದು, ಸೆಲ್ಫ್ ಒಂದೇ ಏಟಿಗೆ ಚಾಲೂ. ಮೂರು ತಿಂಗಳಿಗೆ ಕ್ಲಚ್ ಹಿಡಿದುಕೊಂಡಿತು. ಮಿಸ್ತ್ರಿ ಗಾಡಿಯನ್ನು ನಡುವೆ ಎರಡು ಮಾಡಿದ. ಒಳಗೆ ಕುಂಬಾರ ತುಳಿದಂಥ ನುಣ್ಣನೆ ಮಣ್ಣು, ಒಣಗಿ ಬಿರುಕು ಬಿಟ್ಟಿತ್ತು. ಅಂದಿನಿಂದ ಜೇಬಿನಲ್ಲಿ ಒಂದು ತಂತಿ ಇಟ್ಟುಕೊಂಡೇ ಗಾಡಿ ನೋಡಲು ಹೋಗುತ್ತೇನೆ. ಕ್ಲಚ್ ಹೌಸಿಂಗ್ ತಳದಲ್ಲಿ ಸೋರಿದ ಎಣ್ಣೆ ಹೊರಗೆ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಮಲಗಿ, ತಂತಿ ಹಾಕಿ ತಿರುವಿ. ಜಿಡ್ಡು ಬಂದರೆ ಸಹಜ. ಮಣ್ಣಿನ ಪುಡಿ ಉದುರಿದರೆ ಎದ್ದು ಮೈ ಜಾಡಿಸಿಕೊಂಡು ಮನೆಗೆ ಹೋಗಿ.

ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ. ಎಂಜಿನ್ ಚಾಲೂ ಇಟ್ಟು ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಹೊಗೆ ದಮ್ಮು ಕಟ್ಟಿದಂತೆ ಬಡಿಯಬಾರದು. ಪಲ್ಟಿ ನೇಗಿಲು ಎತ್ತಿ ಎಂಜಿನ್ ಬಂದ್ ಮಾಡಿ ಚಹಾ ಕುಡಿದು ಬನ್ನಿ. ಅಷ್ಟರಲ್ಲಿ ನೇಗಿಲು ನೆಲ ಮುಟ್ಟಿದ್ದರೆ ಲಿಫ್ಟಿಗೆ ಖರ್ಚಿದೆ. ಹಿಂದಿನ ಎರಡು ಟೈರು ಹೋಗಿದ್ದರೆ ಹೊಸ ಜೋಡಿಯ ದರ ಅಂಗಡಿಯಲ್ಲಿ ಕೇಳಿಕೊಂಡೇ ವ್ಯವಹಾರಕ್ಕೆ ಕೂರಿ, ಕೊಳ್ಳುವವನು ಅದನ್ನು ಪೂರ್ತಿ ಕಡಿಯುತ್ತಾನೆ.

ಬೆಲೆ ಅಂತ ಒಂದು ಅಂಕಿ ನಾನು ಹೇಳುವುದಿಲ್ಲ, ಗಾಡಿ ನೋಡದೆ ಹೇಳುವವನು ದಲಾಲ. ನಿಮ್ಮದೇ ಮಾಡೆಲ್ಲು, ಆಸುಪಾಸಿನ ವರ್ಷದ್ದು ಈ ವರ್ಷ ಸುತ್ತಲಿನ ಊರಲ್ಲಿ ಎಷ್ಟಕ್ಕೆ ಕೈ ಬದಲಿಸಿತು ಅಂತ ಮೂರು ಜನರನ್ನು ಕೇಳಿ. ಎಷ್ಟು ಹೇಳಿದರು ಅಂತಲ್ಲ, ಎಷ್ಟು ಎಣಿಸಿದರು ಅಂತ. ಹಂಗಾಮು ಮುಗಿದ ಕೂಡಲೇ ಮಾತ್ರ ಮಾರಬೇಡಿ. ಕಬ್ಬು ಕಡಿಯುವ ಕೂಲಿಯವರ ಟೋಳಿಗೆ ಲಕ್ಷಗಟ್ಟಲೆ ಉಚಲ, ಅಂದರೆ ಮುಂಗಡ, ಕೊಟ್ಟು, ಅವರು ಬಾರದೆ ಕೈ ಸುಟ್ಟುಕೊಂಡ ಮಾಲೀಕರು ಆಗಲೇ ಗಾಡಿ ಹೊರಗೆ ತರುವುದು, ದರ ಬಿದ್ದಿರುತ್ತದೆ. ಯಾರಾದರೂ ಇಸಾರ ಅಂತ ಮುಂಗಡವಾಗಿ ಐದು ಸಾವಿರ ಕೈಗೆ ತುರುಕಿದರೂ ಆರ್‌ಸಿ ಕೊಡಬೇಡಿ.

ಆರ್‌ಸಿ ಸಿಕ್ಕಿಲ್ಲ ಅಂದಿರಲ್ಲ? ಅತ್ತೆಯವರ ಟ್ರಂಕಿನಲ್ಲಿ, ಸೊಸೈಟಿ ಪಾಸ್‌ಬುಕ್ಕಿನ ಕೆಳಗೆ ನೋಡಿ. ನಮ್ಮ ಕಡೆ ಅದು ಅಲ್ಲೇ ಇರತೈತಿ.